ಪೊಟ್ಟಣದ ಮೇಲೆ ತಾರೀಖು ಬಂದ ಕಥೆ

ಕಳೆದ ಮಳೆಗಾಲದಲ್ಲಿ ಅಮ್ಮ ಸಾಗರದಿಂದ ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದಳು. ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದವಳ ಕಣ್ಣಿಗೆ ಮೊದಲು ಬಿದ್ದದ್ದು ಕಸದ ಬುಟ್ಟಿ. ಅದರೊಳಗೆ ಇನ್ನೂ ಒಡೆಯದ ಅರ್ಧ ಕಿಲೋ ರವೆಯ ಪೊಟ್ಟಣವಿತ್ತು.

‘ಇದ್ಯಾಕೆ ಇಲ್ಲಿ ಬಿದ್ದಿದೆಯೋ?’

‘ಅದರ ಡೇಟ್ ಮುಗಿದು ನಾಲ್ಕು ದಿನ ಆಯ್ತಮ್ಮ.’

ಅಮ್ಮ ಮಾತಾಡಲಿಲ್ಲ. ಪೊಟ್ಟಣ ಎತ್ತಿ ಒರೆಸಿ, ಕತ್ತರಿಸಿ, ರವೆಯನ್ನು ದೊಡ್ಡ ತಟ್ಟೆಗೆ ಸುರಿದಳು. ಬೆರಳಲ್ಲಿ ಹರಡಿ ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ‘ಹುಳ ಇಲ್ಲ, ಬಲೆ ಕಟ್ಟಿಲ್ಲ, ಮುಗ್ಗಲು ವಾಸನೆ ಇಲ್ಲ. ಇದಕ್ಕೇನು ರೋಗ?’ ಎಂದಳು. ಮರುದಿನ ಬೆಳಿಗ್ಗೆ ಅದೇ ರವೆಯ ಉಪ್ಪಿಟ್ಟು ತಿಂದು ನಾನು ಕಚೇರಿಗೆ ಹೋದೆ.

ಅಮ್ಮ ಊರಿಗೆ ಹೋದ ತಿಂಗಳಿಗೆ ಇನ್ನೊಂದು ಘಟನೆ ನಡೆಯಿತು. ಫ್ರಿಜ್ಜಿನಲ್ಲಿ ಹತ್ತು ಹನ್ನೆರಡು ದಿನದ ಹಿಂದೆ ಬಾಯಿ ಕತ್ತರಿಸಿ ಇಟ್ಟಿದ್ದ ಹಣ್ಣಿನ ರಸದ ಪೊಟ್ಟಣವಿತ್ತು. ಕುಡಿಯುವಾಗ ರುಚಿ ಏಕೋ ಬೇರೆಯೆನಿಸಿತು. ತಿರುಗಿಸಿ ನೋಡಿದರೆ ಮುದ್ರಿತ ತಾರೀಖಿಗೆ ಇನ್ನೂ ನಾಲ್ಕು ತಿಂಗಳು ಬಾಕಿ. ಧೈರ್ಯವಾಗಿ ಕುಡಿದು ಮುಗಿಸಿದೆ. ಎರಡು ದಿನ ಕಚೇರಿಗೆ ರಜೆ ಹಾಕಬೇಕಾಯಿತು.

ಮೊದಲ ಸಲ ತಾರೀಖನ್ನು ನಂಬಿ ಒಳ್ಳೆಯದನ್ನು ಎಸೆದಿದ್ದೆ. ಎರಡನೆಯ ಸಲ ತಾರೀಖನ್ನೇ ನಂಬಿ ಕೆಟ್ಟದ್ದನ್ನು ಕುಡಿದಿದ್ದೆ. ತಾರೀಖು ಎರಡು ಸಲವೂ ಸುಳ್ಳು ಹೇಳಿರಲಿಲ್ಲ; ಅದು ಹೇಳದ ಮಾತನ್ನು ನಾನು ಓದಿಕೊಂಡಿದ್ದೆ. ಹಾಗಾದರೆ ಪೊಟ್ಟಣದ ಮೇಲಿನ ಆ ಸಣ್ಣ ಅಂಕಿಗಳು ನಿಜವಾಗಿ ಏನು ಹೇಳುತ್ತವೆ? ಯಾರು ಯಾರಿಗಾಗಿ ಅವನ್ನು ಬರೆಯಲಾರಂಭಿಸಿದರು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ತಾರೀಖಿಲ್ಲದ ಉಗ್ರಾಣ

ಅದಕ್ಕೂ ಮೊದಲು ನಮ್ಮ ಮನೆಗಳ ಉಗ್ರಾಣವನ್ನೊಮ್ಮೆ ಇಣುಕಿ ನೋಡೋಣ. ಅಲ್ಲಿ ತಾರೀಖು ಬರೆದ ವಸ್ತು ಒಂದೂ ಇರಲಿಲ್ಲ. ಆದರೆ ಯಾವುದು ಎಷ್ಟು ಕಾಲ ಇರುತ್ತದೆ ಎಂಬ ಲೆಕ್ಕ ಮನೆಯ ಹೆಂಗಸರಿಗೆ ಗೊತ್ತಿತ್ತು. ಚಳಿಗಾಲ ಮುಗಿದು ಬಿಸಿಲೇರಿದರೆ ಹಪ್ಪಳ, ಸಂಡಿಗೆ. ಮಾವಿನ ಮಿಡಿ ಬಂದಾಗ ಉಪ್ಪಿನಕಾಯಿ. ಹೊಸ ಹುಣಸೆ ಬಂದಾಗ ಬೀಜ ತೆಗೆದು ಉಪ್ಪು ಸೇರಿಸಿ ಭರಣಿಗೆ. ಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಹೆಸರುಕಾಳಿಗೆ ಬೂದಿ ಬೆರೆಸುವುದು, ಅಕ್ಕಿಯ ಡಬ್ಬಿಗೆ ಬೇವಿನ ಸೊಪ್ಪು ಹಾಕುವುದು ಎಲ್ಲವೂ ಹುಳದಿಂದ ಕಾಳು ಕಾಯುವ ಉಪಾಯಗಳು.

ಬಯಲುಸೀಮೆಯಲ್ಲಿ ಹಗೇವುಗಳಿದ್ದವು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿಗೆ ಹುಲ್ಲು ಹಾಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿಬಿಡುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳಗಳು ಸಾಯುತ್ತವೆ. ಇದೇ ಕಾರಣಕ್ಕೆ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದೆಂಬ ಕಟ್ಟುನಿಟ್ಟು. ಅವಸರಪಟ್ಟು ಇಳಿದು ಉಸಿರುಗಟ್ಟಿ ಸತ್ತವರ ಕಥೆಗಳು ಅನೇಕ ಊರುಗಳಲ್ಲಿವೆ. ರಾಗಿ ಹೀಗೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು; ಬರಗಾಲದಲ್ಲಿ ಊರನ್ನು ಬದುಕಿಸುತ್ತಿತ್ತು.

ಈ ಎಲ್ಲ ಉಪಾಯಗಳ ಹಿಂದೆ ಇರುವ ತತ್ವ ಸರಳ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು, ಹದವಾದ ಕಾವು ಬೇಕು. ಹಲವಕ್ಕೆ ಗಾಳಿಯೂ ಬೇಕು. ಸಂಡಿಗೆಯಲ್ಲಿ ಬಿಸಿಲು ನೀರನ್ನು ತೆಗೆಯುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತದೆ, ಹುಳಿಯೂ ಜತೆಗೂಡುತ್ತದೆ. ಬೆಲ್ಲದ ಪಾಕದಲ್ಲಿ ಸಕ್ಕರೆ ಅಂಶ ಅದೇ ಕೆಲಸ ಮಾಡುತ್ತದೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವುದೂ ಅದರಲ್ಲಿ ನೀರಿಲ್ಲದ ಕಾರಣಕ್ಕೇ. ಭರಣಿಗೆ ಒದ್ದೆ ಸೌಟು ಹಾಕಿದರೆ ಅಜ್ಜಿ ಬೈಯುತ್ತಿದ್ದದ್ದು ಮಡಿಗೋಸ್ಕರ ಎಂದು ನಾವು ತಿಳಿದಿದ್ದೆವು. ಅದರಲ್ಲಿ ವಿಜ್ಞಾನವೂ ಇತ್ತು.

ಹಾಗೆಂದು ಹಳೆಯ ಕಾಲದಲ್ಲಿ ಯಾರೂ ಕೆಟ್ಟ ಆಹಾರ ತಿಂದು ಸಾಯುತ್ತಿರಲಿಲ್ಲ ಎಂದು ಭಾವಿಸಬೇಕಾಗಿಲ್ಲ. ಕಣ್ಣು ಮೂಗುಗಳಿಗೂ ಮಿತಿಯಿದೆ. ಬಡತನದಲ್ಲಿ ಕಣ್ಣಿಗೆ ಕಂಡದ್ದನ್ನೂ ಕಾಣದಂತೆ ಇರಬೇಕಾಗುತ್ತದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಕಾರಣ ಬೂಷ್ಟು ಉತ್ಪಾದಿಸುವ ಅಫ್ಲಟಾಕ್ಸಿನ್ ಎಂಬ ವಿಷ. 1995ರಲ್ಲಿ ನಮ್ಮದೇ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಬಂದ ಜೋಳ ಮತ್ತು ಮೆಕ್ಕೆಜೋಳ ತಿಂದವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಜೋಳ ಕೆಟ್ಟಿದೆಯೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯಲ್ಲಿ ಬೇರೆ ಜೋಳ ಇರಲಿಲ್ಲ.

ಮೂಗಿಗೆ ಬಾಗಿಲು ಮುಚ್ಚಿದ ಡಬ್ಬಿ

ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಆಹಾರವನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕಾಯಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತೋರಿಸಿಕೊಟ್ಟ. ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಬೇಕೆಂಬ ಷರತ್ತಿನ ಮೇಲೆ ಫ್ರಾನ್ಸ್ ಸರ್ಕಾರ 1810ರಲ್ಲಿ ಅವನಿಗೆ 12,000 ಫ್ರಾಂಕ್ ಬಹುಮಾನ ನೀಡಿತು. ಆಹಾರ ಏಕೆ ಕೆಡುವುದಿಲ್ಲ ಎಂಬುದು ಸ್ವತಃ ಅಪೇರ್‌ಗೂ ಗೊತ್ತಿರಲಿಲ್ಲ. ಅದನ್ನು ವಿವರಿಸಿದ ಲೂಯಿ ಪಾಶ್ಚರ್ ಹುಟ್ಟಿದ್ದೇ 1822ರಲ್ಲಿ.

ಅದೇ 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತವರದ ಡಬ್ಬಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಗೆ ಡಬ್ಬಿಯ ಮಾಂಸ ಸರಬರಾಜಾಗತೊಡಗಿತು. ಡಬ್ಬಿ ತೆರೆಯುವ ಉಪಕರಣ ಬರಲು ಇನ್ನೂ ನಾಲ್ಕೈದು ದಶಕ ಬೇಕಿತ್ತು. ಅಲ್ಲಿಯವರೆಗೆ ಉಳಿ, ಸುತ್ತಿಗೆಗಳೇ ಗತಿ.

ಇಲ್ಲಿ ಒಂದು ದೊಡ್ಡ ಬದಲಾವಣೆ ನಡೆದುಹೋಗಿತ್ತು. ಅದುವರೆಗೆ ಮನುಷ್ಯ ಆಹಾರವನ್ನು ನೋಡಿ, ಮೂಸಿ, ಮುಟ್ಟಿ ಕೊಳ್ಳುತ್ತಿದ್ದ. ತವರದ ಡಬ್ಬಿ ಬಂದಮೇಲೆ ಒಳಗೇನಿದೆ ಎಂದು ತಿಳಿಯಬೇಕಾದರೆ ಮೊದಲು ಹಣ ಕೊಡಬೇಕು, ಆಮೇಲೆ ಉಳಿ ಹಿಡಿಯಬೇಕು. ತಯಾರಿಸಿದವನ ಮಾತನ್ನು ನಂಬುವುದೊಂದೇ ದಾರಿ.

ಆ ನಂಬಿಕೆ ಎಷ್ಟು ಅಪಾಯಕಾರಿಯಾಗಬಹುದು ಎಂಬುದಕ್ಕೆ 1852 ಸಾಕ್ಷಿ. ಸ್ಟೀಫನ್ ಗೋಲ್ಡ್‌ನರ್ ಎಂಬ ಗುತ್ತಿಗೆದಾರ ಬ್ರಿಟಿಷ್ ನೌಕಾಪಡೆಗೆ ಒದಗಿಸಿದ್ದ ಮಾಂಸದ ಡಬ್ಬಿಗಳನ್ನು ಆ ವರ್ಷದ ಆರಂಭದಲ್ಲಿ ಪೋರ್ಟ್ಸ್‌ಮತ್ ಬಳಿಯ ಉಗ್ರಾಣದಲ್ಲಿ ತೆರೆದು ಪರೀಕ್ಷಿಸಿದಾಗ ಬಹುಪಾಲು ಕೊಳೆತು ನಾರುತ್ತಿದ್ದವು. ದೊಡ್ಡ ಡಬ್ಬಿಗಳ ನಡುಭಾಗಕ್ಕೆ ಕಾವು ತಲುಪದಿದ್ದದ್ದು ಇದಕ್ಕೆ ಮುಖ್ಯ ಕಾರಣವೆನ್ನಲಾಗಿದೆ. ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 1824ರಲ್ಲಿ ಉತ್ತರ ಧ್ರುವ ಪ್ರದೇಶದ ಯಾತ್ರೆಗೆ ಹೊರಟ ಕ್ಯಾಪ್ಟನ್ ಪ್ಯಾರಿಯ ಹಡಗಿನಲ್ಲಿದ್ದ ಕರುವಿನ ಮಾಂಸದ ಒಂದು ಡಬ್ಬಿ ಬಳಕೆಯಾಗದೆ ಉಳಿದುಬಂದಿತ್ತು. ಅದನ್ನು ವಿಜ್ಞಾನಿಗಳು 1938ರಲ್ಲಿ, ಅಂದರೆ 114 ವರ್ಷಗಳ ನಂತರ ತೆರೆದರು. ಮಾಂಸ ಹಾಳಾಗಿರಲಿಲ್ಲ. ಪ್ರಯೋಗಾಲಯದ ಇಲಿಗಳಿಗೆ ತಿನ್ನಿಸಿದಾಗ ಅವುಗಳಿಗೆ ಏನೂ ಆಗಲಿಲ್ಲ. ಕೆಲವೇ ವರ್ಷ ಹಳೆಯ ಡಬ್ಬಿ ಕೊಳೆತಿತ್ತು, ಶತಮಾನ ದಾಟಿದ ಡಬ್ಬಿ ಚೆನ್ನಾಗಿತ್ತು. ಆಹಾರ ಉಳಿಯುವುದು ಅದರ ವಯಸ್ಸಿನ ಮೇಲಷ್ಟೇ ನಿಂತಿಲ್ಲ. ಹೇಗೆ ತಯಾರಾಯಿತು, ಹೇಗೆ ಮುಚ್ಚಿತ್ತು, ಎಲ್ಲಿ ಇಟ್ಟಿದ್ದರು ಎಂಬುದೂ ಅಷ್ಟೇ ಮುಖ್ಯ.

ಯಾವ ಡಬ್ಬಿಗೆ ಎಷ್ಟು ಕಾವು, ಎಷ್ಟು ಹೊತ್ತು ಎಂಬುದಕ್ಕೆ ಶಾಸ್ತ್ರೀಯ ತಳಹದಿ ಸಿಕ್ಕಿದ್ದು 1890ರ ದಶಕದಲ್ಲಿ. ಅಮೆರಿಕದ ಎಂಐಟಿಯಲ್ಲಿ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಮತ್ತು ಡಬ್ಬಿ ಉದ್ಯಮಿ ವಿಲಿಯಂ ಅಂಡರ್‌ವುಡ್ ಸೇರಿ, ಸಾಧಾರಣ ಕುದಿಗೆ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳೇ ಡಬ್ಬಿ ಉಬ್ಬಿ ಕೆಡಲು ಕಾರಣವೆಂದು ಕಂಡುಹಿಡಿದರು. ಆಹಾರದ ಬಾಳಿಕೆಯನ್ನು ಮುಂಚಿತವಾಗಿ ಲೆಕ್ಕ ಹಾಕಬಹುದೆಂಬ ಇಂದಿನ ಆಲೋಚನೆಗೆ ಅಲ್ಲಿಂದ ದಾರಿ ತೆರೆಯಿತು.

ಗುಟ್ಟಿನ ಅಂಕಿಗಳು

ಲೆಕ್ಕವೇನೋ ಬಂತು. ಆದರೆ ಅದು ಗ್ರಾಹಕರಿಗೆ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಡಬ್ಬಿಗಳ ಮೇಲೆ ಇದ್ದದ್ದು ಅಂಕಿ ಅಕ್ಷರಗಳ ಗುಟ್ಟಿನ ಸಂಕೇತ. ಯಾವ ಸರಕು ಹಳೆಯದು, ಯಾವುದನ್ನು ಮೊದಲು ಮಾರಬೇಕು ಎಂಬುದು ಕಾರ್ಖಾನೆಗೂ ಅಂಗಡಿಗೂ ತಿಳಿಯುತ್ತಿತ್ತು. ಹಣ ಕೊಟ್ಟು ಕೊಳ್ಳುವವರಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳು 1950ರ ದಶಕದಲ್ಲಿ ಗೋದಾಮಿನ ಒಳಗೆ ಇಂಥ ತಾರೀಖುಗಳನ್ನು ಬಳಸತೊಡಗಿದವು. 1970ರ ದಶಕದ ಆರಂಭದಲ್ಲಿ ಅದೇ ತಾರೀಖು ‘ಇಷ್ಟರೊಳಗೆ ಮಾರಬೇಕು’ ಎಂಬ ರೂಪದಲ್ಲಿ ಗ್ರಾಹಕರ ಕಣ್ಣಿಗೆ ಬಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಸೂಚನೆ ತಿನ್ನುವವರಿಗೆ ಬರೆದದ್ದಾಗಿರಲಿಲ್ಲ. ಅದು ಮಾರುವವನಿಗೆ ಇದ್ದ ಅಪ್ಪಣೆ.

ಅಮೆರಿಕದಲ್ಲಿ ಇದು ಹೋರಾಟವೇ ಆಯಿತು. ಹಳ್ಳಿ ಬಿಟ್ಟು ನಗರ ಸೇರಿದ ಜನ ಹಾಲು, ಮೊಟ್ಟೆ, ತರಕಾರಿ ಎಲ್ಲವನ್ನೂ ದೊಡ್ಡ ಅಂಗಡಿಗಳಿಂದ ತರುತ್ತಿದ್ದರು. ತಾವು ತಿನ್ನುವುದು ಎಷ್ಟು ದಿನದ್ದು ಎಂದು ತಿಳಿಯುವ ಹಕ್ಕು ತಮಗಿದೆ ಎಂದು ಅವರು ಕೇಳತೊಡಗಿದರು. ಇಬ್ಬರು ಅಧ್ಯಕ್ಷರ ಗ್ರಾಹಕ ಸಲಹೆಗಾರ್ತಿಯಾಗಿ ಕೆಲಸ ಮಾಡಿದ ಎಸ್ತರ್ ಪೀಟರ್ಸನ್ 1970ರಲ್ಲಿ ಜೈಂಟ್ ಫುಡ್ ಎಂಬ ಅಂಗಡಿ ಸಮೂಹ ಸೇರಿ, ಅಲ್ಲಿ ಎಲ್ಲರೂ ಓದಬಲ್ಲ ತಾರೀಖು ಬರುವಂತೆ ಮಾಡಿದರು. ಅದೇ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರಾಹಕ ರಕ್ಷಣಾ ಮಂಡಳಿ, ಕಂಪನಿಗಳ ಗುಟ್ಟಿನ ಸಂಕೇತಗಳನ್ನು ಒಡೆದು ಓದುವುದು ಹೇಗೆಂದು ಹೇಳಿಕೊಡುವ ಕೈಪಿಡಿಯನ್ನೇ ಹೊರತಂದಿತು.

ಯುರೋಪಿನ ಆರ್ಥಿಕ ಸಮುದಾಯ 1978ರ ಕೊನೆಯಲ್ಲಿ ಆಹಾರ ಪೊಟ್ಟಣಗಳ ಮೇಲೆ ಕನಿಷ್ಠ ಬಾಳಿಕೆಯ ತಾರೀಖು ಕಡ್ಡಾಯ ಮಾಡುವ ನಿರ್ದೇಶನ ಹೊರಡಿಸಿತು. 1985ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗ ಜಗತ್ತಿಗೆಲ್ಲ ಅನ್ವಯಿಸಬಹುದಾದ ಮಾದರಿ ನಿಯಮ ರೂಪಿಸಿತು. ಉಪ್ಪು, ಹರಳು ಸಕ್ಕರೆ, ವಿನಿಗರ್ ಮೊದಲಾದವಕ್ಕೆ ತಾರೀಖು ಬೇಕಿಲ್ಲ ಎಂದು ಆ ನಿಯಮ ಹೇಳುತ್ತದೆ. ಯಾವ ವಸ್ತುಗಳನ್ನು ಬಳಸಿ ನಮ್ಮ ಅಜ್ಜಿಯರು ಬೇರೆಲ್ಲವನ್ನೂ ಕೆಡದಂತೆ ಕಾಯುತ್ತಿದ್ದರೋ, ಅವೇ ಇವು!

1989ರಲ್ಲಿ ಯುರೋಪಿನ ನಿಯಮಕ್ಕೆ ಮುಖ್ಯವಾದ ತಿದ್ದುಪಡಿ ಬಂತು. ಬೇಗ ಕೆಟ್ಟು ಆರೋಗ್ಯಕ್ಕೆ ಅಪಾಯ ತರಬಲ್ಲ ಆಹಾರಕ್ಕೆ ‘ಯೂಸ್ ಬೈ’, ಉಳಿದವಕ್ಕೆ ‘ಬೆಸ್ಟ್ ಬಿಫೋರ್’ ಎಂಬ ವಿಂಗಡಣೆ ಆಯಿತು. ಮೊದಲನೆಯದು ಸುರಕ್ಷತೆಯ ಮಾತು. ಎರಡನೆಯದು ರುಚಿ, ಗರಿಗರಿ, ಪರಿಮಳಗಳ ಮಾತು. ಈ ವ್ಯತ್ಯಾಸ ಬಹಳಷ್ಟು ಜನರಿಗೆ ತಲುಪಲೇ ಇಲ್ಲ. ಎಲ್ಲ ತಾರೀಖೂ ಒಂದೇ ಎಂಬ ಭಾವನೆ ಬೆಳೆಯಿತು.

ನಮ್ಮಲ್ಲಿ ಬಂದದ್ದು ಹೀಗೆ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದ ಚಿಂತೆ ಬಾಳಿಕೆಯದಾಗಿರಲಿಲ್ಲ, ಕಲಬೆರಕೆಯದಾಗಿತ್ತು. ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಬಂತು. ಆಗ ಬಹುಪಾಲು ಮನೆಗಳಿಗೆ ದಿನಸಿ ಬರುತ್ತಿದ್ದದ್ದು ಅಂಗಡಿಯ ಗೋಣಿಚೀಲದಿಂದ, ತೂಗಿ ಕಾಗದದಲ್ಲಿ ಕಟ್ಟಿ. ಪೊಟ್ಟಣವೇ ಇಲ್ಲದ ಮೇಲೆ ತಾರೀಖು ಎಲ್ಲಿ ಬರೆಯಬೇಕು?

ಪೊಟ್ಟಣದ ಯುಗಕ್ಕೆ ನಾಡನ್ನು ಸಿದ್ಧಗೊಳಿಸಿದ್ದರಲ್ಲಿ ಮೈಸೂರಿನ ಪಾಲು ದೊಡ್ಡದು. ಅಲ್ಲಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಆರಂಭವಾಯಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಇಲ್ಲಿಯೇ. 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹುಟ್ಟಿತು. ಹಿಮದ ಗಡಿಯಲ್ಲಿ, ಮರುಭೂಮಿಯಲ್ಲಿ ಇರುವ ಸೈನಿಕರಿಗೆ ಕೆಡದ ಊಟ ಒದಗಿಸುವುದು ಇದರ ಕೆಲಸ. 1984ರಲ್ಲಿ ರಾಕೇಶ್ ಶರ್ಮ ಅಂತರಿಕ್ಷಕ್ಕೆ ಹೋದಾಗ ಜತೆಗೊಯ್ದ ಭಾರತೀಯ ತಿನಿಸುಗಳು ಈ ಪ್ರಯೋಗಾಲಯದಲ್ಲಿ ಸಿದ್ಧವಾದವು. ಇನ್ನೊಂದು ಕಡೆ, 1970ರ ದಶಕದಲ್ಲಿ ಬೆಂಗಳೂರಿನ ಎಂಟಿಆರ್‌ನಂಥ ಹೋಟೆಲೇ ತಿಂಡಿಯ ಸಿದ್ಧ ಮಿಶ್ರಣಗಳನ್ನು ಪೊಟ್ಟಣದಲ್ಲಿ ಮಾರತೊಡಗಿತು. ಅಡುಗೆಮನೆಯ ಕೆಲಸ ಒಂದೊಂದಾಗಿ ಕಾರ್ಖಾನೆಗೆ ಹೋಯಿತು.

ಅದೇ ದಶಕದಲ್ಲಿ, 1977ರಲ್ಲಿ, ತೂಕ ಮತ್ತು ಅಳತೆ ಕಾಯ್ದೆಯಡಿ ಪೊಟ್ಟಣ ಸರಕುಗಳ ನಿಯಮ ಜಾರಿಗೆ ಬಂತು. ಪೊಟ್ಟಣದ ಮೇಲೆ ತೂಕ, ಬೆಲೆಗಳ ಜತೆಗೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಿಂಗಳು ಮತ್ತು ವರ್ಷ ಬರೆಯಬೇಕೆಂದು ಅದು ವಿಧಿಸಿತು. ಆದರೆ ಯಾವಾಗ ತಯಾರಾಯಿತು ಎಂದು ತಿಳಿದರೆ ಎಲ್ಲಿಯವರೆಗೆ ತಿನ್ನಬಹುದು ಎಂದು ತಿಳಿದಂತಾಗುವುದಿಲ್ಲ.

‘ಎಕ್ಸ್‌ಪೈರಿ’ ಎಂಬ ಮಾತು ಭಾರತೀಯರಿಗೆ ಮೊದಲು ಪರಿಚಯವಾದದ್ದು ಬಹುಶಃ ಔಷಧದ ಅಂಗಡಿಯಲ್ಲಿ. 1945ರ ಔಷಧ ನಿಯಮಗಳಲ್ಲೇ ಔಷಧಗಳ ಬಾಳಿಕೆಯ ಅವಧಿಯ ವಿಷಯವಿದೆ. ಅವಧಿ ಮೀರಿದ ಇಂಜೆಕ್ಷನ್ ಬಗ್ಗೆ ಇದ್ದ ಭಯವೇ ಮುಂದೆ ಬಿಸ್ಕತ್ತಿನ ಪೊಟ್ಟಣಕ್ಕೂ ಅಂಟಿಕೊಂಡಿರಬೇಕು.

ಹಳೆಯ ಕಾಯ್ದೆಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದರಡಿ 2011ರಲ್ಲಿ ಬಂದ ನಿಯಮಗಳು ‘ಬೆಸ್ಟ್ ಬಿಫೋರ್’ ಎಂದರೇನೆಂದು ವಿವರಿಸಿದವು. ಆ ದಿನ ದಾಟಿದ ಮೇಲೂ ಆಹಾರ ತಿನ್ನಲು ಚೆನ್ನಾಗಿಯೇ ಇರಬಹುದು, ಗುಣಮಟ್ಟ ಮಾತ್ರ ಕುಗ್ಗಿರಬಹುದು ಎಂಬುದು ಅದರ ಸಾರ. 2020ರ ಹೊಸ ಲೇಬಲ್ ನಿಯಮ ಈ ಪದ್ಧತಿಯನ್ನು ಬದಲಿಸಿತು. ಈಗ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ತಾರೀಖು ಕಡ್ಡಾಯ. ‘ಬೆಸ್ಟ್ ಬಿಫೋರ್’ ಬರೆಯುವುದು ತಯಾರಕರ ಇಚ್ಛೆ. ಎಕ್ಸ್‌ಪೈರಿ ದಾಟಿದ ಸರಕನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ಅದೇ ವರ್ಷದ ಅಕ್ಟೋಬರ್ 1ರಿಂದ ಮಿಠಾಯಿ ಅಂಗಡಿಯ ತಟ್ಟೆಯಲ್ಲಿ ಬಿಡಿಯಾಗಿ ಮಾರುವ ಸಿಹಿತಿಂಡಿಗೂ ‘ಬೆಸ್ಟ್ ಬಿಫೋರ್’ ಫಲಕ ಹಾಕಬೇಕೆಂಬ ಆದೇಶ ಬಂತು. ನೀವು ಹೋಗುವ ಅಂಗಡಿಯಲ್ಲಿ ಆ ಫಲಕವಿದೆಯೇ? ಮುಂದಿನ ಸಲ ನೋಡಿ.

ತಾರೀಖನ್ನು ನಿರ್ಧರಿಸುವುದು ಹೇಗೆ?

ಸರ್ಕಾರ ಪ್ರತಿ ಪೊಟ್ಟಣಕ್ಕೂ ತಾರೀಖು ಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದನ್ನು ನಿರ್ಧರಿಸುವವರು ತಯಾರಕರೇ. ಸರಕಿನ ಮಾದರಿಗಳನ್ನು ಬೇರೆ ಬೇರೆ ಕಾವು, ತೇವಾಂಶದ ಕೋಣೆಗಳಲ್ಲಿ ಇಡುತ್ತಾರೆ. ನಿಗದಿತ ದಿನಗಳಿಗೊಮ್ಮೆ ತೆಗೆದು ತೇವ ಎಷ್ಟಾಗಿದೆ, ಎಣ್ಣೆ ಕಮಟಾಗಿದೆಯೇ, ಸೂಕ್ಷ್ಮಜೀವಿಗಳು ಬೆಳೆದಿವೆಯೇ ಎಂದು ಪರೀಕ್ಷಿಸುತ್ತಾರೆ. ತರಬೇತಾದವರು ರುಚಿ ನೋಡಿ ಅಂಕ ಕೊಡುತ್ತಾರೆ. ಬೇಗ ಫಲಿತಾಂಶ ಬೇಕಾದರೆ ಕಾವು ಹೆಚ್ಚಿಸಿ ಲೆಕ್ಕ ಕಟ್ಟುತ್ತಾರೆ. ಗುಣ ಇಳಿಯತೊಡಗಿದ ದಿನಕ್ಕಿಂತ ತುಸು ಮೊದಲಿನ ದಿನವನ್ನೇ ಮುದ್ರಿಸುವುದು ರೂಢಿ. ತನ್ನ ಹೆಸರು ಕೆಡದಿರಲಿ ಎಂಬ ಎಚ್ಚರ.

ಈ ಲೆಕ್ಕಕ್ಕೆಲ್ಲ ಎರಡು ಷರತ್ತುಗಳಿವೆ. ಪೊಟ್ಟಣ ಮುಚ್ಚಿರಬೇಕು, ಹೇಳಿದ ರೀತಿಯಲ್ಲೇ ಇಟ್ಟಿರಬೇಕು. ‘ತಂಪಾದ, ಒಣ ಜಾಗದಲ್ಲಿಡಿ’ ಎಂದು ಬರೆದ ಪೊಟ್ಟಣವನ್ನು ಒಲೆಯ ಪಕ್ಕದ ಕಿಟಕಿಯಲ್ಲಿಟ್ಟರೆ ತಾರೀಖಿಗೆ ಬೆಲೆ ಉಳಿಯುವುದಿಲ್ಲ. ಬಾಯಿ ತೆರೆದ ಮೇಲಂತೂ ಕೇಳುವುದೇ ಬೇಡ. ನನ್ನ ಹಣ್ಣಿನ ರಸದ ಪೊಟ್ಟಣದ ಮೇಲೂ ‘ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ’ ಎಂಬ ಸೂಚನೆ ಇತ್ತು. ನಾನು ದೊಡ್ಡ ಅಕ್ಷರದ ತಾರೀಖನ್ನಷ್ಟೇ ಓದಿದ್ದೆ.

ಮನೆಯಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ, ಯಾವುದರಲ್ಲಿ ತಾರೀಖಿಗೆ ಕಟ್ಟುಬೀಳಬೇಕು, ಯಾವುದರಲ್ಲಿ ಕಣ್ಣು ಮೂಗುಗಳಿಗೂ ಅವಕಾಶವಿದೆ ಎಂಬ ವಿಂಗಡಣೆ ಬೇಕು. ಶಿಶು ಆಹಾರ, ಹಾಲು, ಪನೀರು, ಮಾಂಸ, ಮೀನು ಇವುಗಳಲ್ಲಿ ತಾರೀಖು ದಾಟಿದರೆ ಯೋಚಿಸುವುದೇ ಬೇಡ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ವಾಸನೆಯನ್ನಾಗಲಿ ರುಚಿಯನ್ನಾಗಲಿ ಕೆಡಿಸುವುದಿಲ್ಲ. ಲಿಸ್ಟೀರಿಯಾದಂಥವು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತವೆ. ಇಲ್ಲಿ ಮೂಗು ಸೋಲುತ್ತದೆ. ಗರ್ಭಿಣಿಯರು, ಹಸುಗೂಸುಗಳು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನಷ್ಟು ಎಚ್ಚರ ಬೇಕು.

ಅಕ್ಕಿ, ಬೇಳೆ, ರವೆ, ಅವಲಕ್ಕಿಯಂಥ ಒಣ ಪದಾರ್ಥಗಳ ಸಂಗತಿ ಬೇರೆ. ತೇವ, ಹುಳ, ಮುಗ್ಗಲು ವಾಸನೆ ಇಲ್ಲದಿದ್ದರೆ ನಾಲ್ಕು ದಿನ ದಾಟಿದ ಮಾತ್ರಕ್ಕೆ ಅವು ವಿಷವಾಗುವುದಿಲ್ಲ. ಗೋಧಿ ಹಿಟ್ಟು ಮೈದಾಗಿಂತ ಬೇಗ ಕೆಡುತ್ತದೆ. ಅದರಲ್ಲಿ ಮೊಳಕೆ ಭಾಗದ ಎಣ್ಣೆ ಇರುವುದೇ ಕಾರಣ. ಎಣ್ಣೆ, ಕರಿದ ತಿಂಡಿಗಳು ಕಮಟು ವಾಸನೆ ಬಂದರೆ ಬೇಡ. ಸಾರಿನ ಪುಡಿ ಹಳೆಯದಾದರೆ ಪರಿಮಳ ಹೋಗುತ್ತದೆ, ಅಪಾಯವಿಲ್ಲ.

ಬೂಷ್ಟಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಬ್ರೆಡ್ಡಿನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರುತ್ತವೆ. ಬೂಷ್ಟು ಬಂದ ಶೇಂಗಾ, ಕೊಬ್ಬರಿ, ಜೋಳಗಳನ್ನು ಒಣಗಿಸಿ, ಹುರಿದು ಬಳಸಿದರೂ ಅಫ್ಲಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಉಬ್ಬಿದ, ಸೋರುವ ಡಬ್ಬಿಯನ್ನು ತೆರೆದು ರುಚಿ ನೋಡುವ ಸಾಹಸ ಬೇಡವೇ ಬೇಡ.

ಎರಡನೆಯದು ನಮ್ಮ ದಿನನಿತ್ಯದ ಅನ್ನ. ಅದಕ್ಕೆ ಯಾವ ಲೇಬಲ್ಲೂ ಇಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಉಳಿದ ಅನ್ನ, ಸಾರು, ಪಲ್ಯಗಳನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಒಮ್ಮೆ ಮಾತ್ರ ಚೆನ್ನಾಗಿ ಬಿಸಿ ಮಾಡಿ ಮುಗಿಸುವುದು ಒಳ್ಳೆಯದು. ಫ್ರಿಜ್ಜಿನ ಒಳಗಿನ ಕಾವು 5 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಅದರ ಬಾಗಿಲಿನ ಭಾಗ ಎಲ್ಲಕ್ಕಿಂತ ಬೆಚ್ಚಗಿರುವುದರಿಂದ ಹಾಲನ್ನು ಅಲ್ಲಿಡಬಾರದು. ಗಂಟೆಗಟ್ಟಲೆ ಕರೆಂಟು ಹೋದರೆ ಒಳಗಿನ ಆಹಾರದ ಲೆಕ್ಕ ಹೊಸದಾಗಿ ಹಾಕಬೇಕು.

ಮೂರನೆಯದು, ಹೊಸ ಪೊಟ್ಟಣ ತಂದಾಗ ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದಿಡುವ ಅಭ್ಯಾಸ. ಗೋದಾಮಿನವರ ಈ ಪದ್ಧತಿ ಅಡುಗೆಮನೆಗೂ ಒಪ್ಪುತ್ತದೆ. ಪೊಟ್ಟಣ ತೆರೆದ ದಿನವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಟ್ಟರೆ ಇನ್ನೂ ಉತ್ತಮ. ಡಬ್ಬಿಗೆ ಸುರಿದ ಮೇಲೆ ಪೊಟ್ಟಣದ ತಾರೀಖಿರುವ ತುಂಡನ್ನು ಕತ್ತರಿಸಿ ಒಳಗೆ ಹಾಕಿಡುವ ಗೃಹಿಣಿಯರೂ ಇದ್ದಾರೆ.

ಕೊಳ್ಳುವಾಗಲೂ ಕಣ್ಣಿರಲಿ. ತಾರೀಖು ಅಳಿಸಿ ಮತ್ತೆ ಮುದ್ರಿಸುವ ದಂಧೆ ಆಗಾಗ ಸುದ್ದಿಯಾಗುತ್ತದೆ. ಅಂಕಿಯ ಮೇಲೆ ಚೀಟಿ ಅಂಟಿಸಿದ್ದರೆ, ಒರೆಸಿದ ಗುರುತಿದ್ದರೆ ಪ್ರಶ್ನಿಸಿ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಆ ಸಣ್ಣ ಅಂಕಿಗಳು ಇದ್ದೂ ಇಲ್ಲದಂತೆ. ಅಂಥವರ ಪರವಾಗಿ ಓದಿ ಹೇಳುವುದು ಪಕ್ಕದಲ್ಲಿ ನಿಂತವರ ಕರ್ತವ್ಯ.

ಮತ್ತೆ ಮೂಗಿನ ಕಡೆಗೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ಇದಕ್ಕೆಲ್ಲ ತಾರೀಖೇ ಕಾರಣವಲ್ಲ. ಆದರೆ ತಾರೀಖನ್ನು ತಪ್ಪಾಗಿ ಓದುವುದೂ ಒಂದು ಕಾರಣವೆಂದು ಅನೇಕ ದೇಶಗಳು ಈಗ ಒಪ್ಪಿವೆ. ಅಂಗಡಿಗೆಂದು ಹುಟ್ಟಿದ ‘ಇಷ್ಟರೊಳಗೆ ಮಾರಿ’ ಎಂಬ ಸೂಚನೆ ಗ್ರಾಹಕರ ಕಣ್ಣಿಗೆ ಬೀಳದಂತೆ ಮಾಡುವ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಮಾಡಿತು. ಅರ್ಧ ಶತಮಾನದ ಹಿಂದೆ ತಾರೀಖನ್ನು ಗೋದಾಮಿನಿಂದ ಹೊರತಂದ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳೇ 2022ರ ಜುಲೈನಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಣ್ಣು ತರಕಾರಿಗಳ ಮೇಲಿನ ‘ಬೆಸ್ಟ್ ಬಿಫೋರ್’ ತೆಗೆದುಹಾಕಿದವು. ಸೇಬು ಬಾಡಿದೆಯೇ ಎಂದು ಗ್ರಾಹಕರೇ ನೋಡಿ ತಿಳಿಯಲಿ ಎಂಬುದು ಇದರ ಅರ್ಥ.

ಹಾಗಾದರೆ ತಾರೀಖು ಬೇಡವೇ? ಖಂಡಿತ ಬೇಕು. ಡಬ್ಬಿಯೊಳಗೆ ಏನಿದೆಯೆಂದು ಕಾಣದ ಕಾಲದಲ್ಲಿ, ತಯಾರಕರ ಗುಟ್ಟನ್ನು ಒಡೆದು ಗ್ರಾಹಕರು ಹೋರಾಡಿ ಪಡೆದ ಹಕ್ಕು ಅದು. ಮುಚ್ಚಿದ ಪೊಟ್ಟಣದ ಬಗ್ಗೆ ತಯಾರಕ ಕೊಟ್ಟ ಮಾತು ಎಂದು ಅದನ್ನು ಓದಬೇಕು. ಪೊಟ್ಟಣ ಒಡೆದ ಕ್ಷಣದಿಂದ ಹೊಣೆ ನಮ್ಮದು.

ಮೊನ್ನೆ ಅಮ್ಮ ಊರಿನಿಂದ ಮಿಡಿ ಉಪ್ಪಿನಕಾಯಿ ಕಳಿಸಿದಳು. ಜಾಡಿಯ ಮೇಲೆ ಎಂದಿನಂತೆ ಏನೂ ಬರೆದಿರಲಿಲ್ಲ. ಫೋನಿನಲ್ಲಿ ಕೇಳಿದೆ, ‘ಇದು ಎಲ್ಲಿಯವರೆಗೆ ಇರತ್ತಮ್ಮ?’

‘ಒದ್ದೆ ಚಮಚ ಹಾಕೋವರೆಗೆ’ ಎಂದಳು.

ಅಷ್ಟಕ್ಕೇ ಸುಮ್ಮನಾಗದೆ ತಾನೇ ಒಂದು ಪ್ರಶ್ನೆ ಕೇಳಿದಳು. ಮನೆಗೆ ತಂದ ಹಾಲಿನ ಪುಡಿಯ ಡಬ್ಬಿ ತಂಗಿಯ ಮಗುವಿಗೆ ಕೊಡಬಹುದೋ ಇಲ್ಲವೋ, ಅಕ್ಷರ ಸಣ್ಣದು, ಕಾಣುತ್ತಿಲ್ಲ ಎಂದಳು. ಡಬ್ಬಿಯ ಫೋಟೋ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಅವಧಿ ಮುಗಿದು ಎರಡು ವಾರವಾಗಿತ್ತು.

‘ಬೇಡಮ್ಮ, ಎಸೆದುಬಿಡು’ ಎಂದೆ. ಈ ಸಲ ಅವಳು ಮರುಮಾತಾಡಲಿಲ್ಲ.